ಬಿಳಿ ಎರಡು

ನಮ್ಮೂರು ನೀರಮಾನ್ವಿಯಲ್ಲಿ ನನ್ನ ಓರಗೆಯವರು ಈಗ ನಾಲ್ಕಾರು ಜನ ಉಳಿದಿದ್ದೇವೆ. ಅವರಲ್ಲಿ ಒಬ್ಬ ಗೆಳೆಯ ಇವತ್ತಿಗೂ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ. ‘ಏನಪಾ ಬಿಳಿ ಎರಡು, ಎಲ್ಲಿಗೆ ಹೊಂಟಿ?’ ಎನ್ನುತ್ತಾನೆ. ಈ ಸಲ ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳು ಅದನ್ನು ಕೇಳಿಸಿಕೊಂಡು ಬಿಟ್ಟಳು.

‘ತಾತ, ಬಿಳಿ ಎರಡು ಅಂದ್ರೆ ಏನು? ಚಿಕ್ಕವರಿದ್ದಾಗ ನಿಮಗೆ ಎರಡು ಬಿಳಿ ಕೂದಲಿತ್ತಾ?’

ನಾನು ಉತ್ತರ ಕೊಡದೆ ನೀರು ಕುಡಿಯುವ ನೆಪ ಮಾಡಿ ಒಳಗೆ ಹೋದೆ. ಮಕ್ಕಳೇ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬ್ಯಾಂಕಿನ ಕೌಂಟರಿನಲ್ಲಿ ಕೂತವನು ನಾನು. ಎಂಥೆಂಥ ಪ್ರಶ್ನೆಗೋ ಉತ್ತರ ಕೊಟ್ಟಿದ್ದೇನೆ. ಆದರೆ ಈ ಒಂದು ಪ್ರಶ್ನೆಗೆ ಮಾತ್ರ ನನ್ನ ಮಗನಿಗೂ ಉತ್ತರ ಕೊಟ್ಟಿರಲಿಲ್ಲ.

ಮೊಮ್ಮಗಳು ಈಗ ಏಳನೇ ತರಗತಿ ಮುಗಿಸಿದ್ದಾಳೆ. ಬಟ್ಟೆ ಬ್ಯಾಗಿಗಿಂತ ಉದ್ದದ ಚೀಲದಲ್ಲಿ ಕೀಬೋರ್ಡ್ ಹೊತ್ತುಕೊಂಡು ಬಂದಿದ್ದಳು. ವಾರಕ್ಕೆರಡು ದಿನ ಮೊಬೈಲಿನಲ್ಲೇ ಪಾಠ. ಆ ವಾರ ಟೀಚರು ಕೊಟ್ಟ ಪಾಠದ ಹೆಸರು ‘ಮೋಡ್’. ಅಯೋನಿಯನ್, ಡೋರಿಯನ್, ಫ್ರಿಜಿಯನ್, ಲಿಡಿಯನ್, ಮಿಕ್ಸೊಲಿಡಿಯನ್, ಏಯೋಲಿಯನ್, ಲೋಕ್ರಿಯನ್ ಎಂದು ಏಳು ಹೆಸರನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಿದ್ದಳು. ಇವೆಲ್ಲ ಹಿಂದಿನ ಗ್ರೀಕರ ಕಡೆಯ ನಾಡು, ಜನಗಳ ಹೆಸರಿನಿಂದ ಬಂದವು. ಹೆಸರು ಬಾಯಿಗೆ ಬಂತು, ಆದರೆ ಮುಖ ಸಪ್ಪಗಿತ್ತು.

‘ಯಾಕವ್ವ, ಏನಾತು?’ ಎಂದೆ.

‘ತಾತ, ಏಳೂ ಒಂದೇ ಥರ ಕೇಳಿಸ್ತವೆ. ಟೀಚರು ಒಂದು ಖುಷಿಯಾಗಿದೆ, ಒಂದು ಬೇಜಾರಾಗಿದೆ, ಒಂದು ಭಯವಾಗಿದೆ ಅಂತಾರೆ. ನನಗೆ ಏನೂ ಗೊತ್ತಾಗಲ್ಲ. ನನಗೆ ಸಂಗೀತದ ಕಿವೀನೇ ಇಲ್ಲ ಅನ್ಸುತ್ತೆ. ಬಿಟ್ಟುಬಿಡ್ತೀನಿ.’

‘ಬಿಟ್ಟುಬಿಡ್ತೀನಿ’ ಎಂಬ ಮಾತು ಎದೆಗೆ ಬಡಿಯಿತು. ಆ ಮಾತನ್ನು ಒಂದು ಕಾಲಕ್ಕೆ ನಾನೂ ಆಡಿದ್ದೆ, ಆಡಿದಂತೆ ಬಿಟ್ಟೂ ಬಿಟ್ಟಿದ್ದೆ. ಅದಕ್ಕೇ ಅವತ್ತು ಕಥೆ ಹೇಳಿದೆ.

ನಮ್ಮ ಕಡೆ ಭಜನೆ ಇಲ್ಲದ ಊರಿಲ್ಲ. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಮಾನ್ವಿಯವರು. ವಿಜಯದಾಸರ ಚೀಕಲಪರ್ವಿ ನಮ್ಮ ತಾಲೂಕಿನದೇ. ಗೋಪಾಲದಾಸರ ಮೊಸರಕಲ್ಲು ಪಕ್ಕದ ದೇವದುರ್ಗ ತಾಲೂಕಿನದು. ದಾಸರ ಪದ, ಶರಣರ ವಚನ, ತತ್ವಪದ ಮೂರೂ ಒಂದೇ ಕಟ್ಟೆಯ ಮೇಲೆ ನಡೆಯುತ್ತಿದ್ದವು. ವಚನಗಳನ್ನು ಹಾಡಿ ಮನೆಮನೆಗೆ ಮುಟ್ಟಿಸಿದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರು ನಮ್ಮ ಜಿಲ್ಲೆಯವರೇ. ರಾಯಚೂರಿನ ರಂಗಮಂದಿರಕ್ಕೆ ಅವರ ಹೆಸರೇ ಇದೆ. ಇಂಥ ಸೀಮೆಯಲ್ಲಿ ಪೇಟಿ ಬಾರಿಸುವ ಹುಡುಗನಿಗೆ ಬಲು ಮರ್ಯಾದೆ. ಪೇಟಿ ಎಂದರೆ ಹಾರ್ಮೋನಿಯಂ. ನಮ್ಮಪ್ಪನದೊಂದು ಪೇಟಿ ಮನೆಯಲ್ಲಿತ್ತು. ಊರಿನ ಮಾಸ್ತರೊಬ್ಬರು ನನಗೆ ಎಂಟು ಹತ್ತು ಪದಗಳನ್ನು ಕಲಿಸಿದ್ದರು.

ಪೇಟಿಯ ಮನೆಗಳಿಗೆ ನಮ್ಮಲ್ಲಿ ಸರಳವಾದ ಹೆಸರಿವೆ. ಕರಿ ಮನೆಗಳು ಎರಡರ ಗುಂಪು, ಮೂರರ ಗುಂಪು ಎಂದು ನಿಂತಿರುತ್ತವೆ. ಎರಡರ ಗುಂಪಿನ ಎಡಕ್ಕೆ ಇರುವುದೇ ಬಿಳಿ ಒಂದು. ಅಲ್ಲಿಂದ ಬಲಕ್ಕೆ ಬಿಳಿ ಎರಡು, ಬಿಳಿ ಮೂರು, ಹೀಗೆ ಬಿಳಿ ಏಳರವರೆಗೆ. ಕರಿ ಮನೆಗಳೂ ಹಾಗೆಯೇ, ಕರಿ ಒಂದರಿಂದ ಕರಿ ಐದು. ಗದುಗಿನ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದೆಯೂ ಹಾರ್ಮೋನಿಯಂ ನುಡಿಸುತ್ತಿದ್ದರು. ಆ ಎರಡು ಮತ್ತು ಮೂರರ ಗುಂಪುಗಳನ್ನು ಬೆರಳಿನಿಂದ ಸವರಿದರೆ ಸಾಕು, ಎಲ್ಲಿದ್ದೇವೆ ಎಂದು ಕತ್ತಲೆಯಲ್ಲೂ ತಿಳಿಯುತ್ತದೆ.

1970ರ ಆಸುಪಾಸಿನ ಮಾತು. ನಾನು ಬಿ.ಕಾಂ. ಓದುತ್ತಿದ್ದೆ, ರಜೆಗೆ ಊರಿಗೆ ಬಂದಿದ್ದೆ. ಶನಿವಾರ ಹಣಮಪ್ಪನ ಗುಡಿಯಲ್ಲಿ ಭಜನೆ. ಪೇಟಿ ಮಾಸ್ತರಿಗೆ ಜ್ವರ ಬಂದು, ‘ನೀನೇ ಕೂಡು’ ಎಂದು ನನ್ನನ್ನು ಕೂರಿಸಿದರು. ಬಿಲಾವಲ್ ಧಾಟಿಯ ಒಂದು ಪದವನ್ನು ಬಿಳಿ ಒಂದರಿಂದ ಶುರುಮಾಡಿದೆ. ಬಿಳಿ ಒಂದನ್ನು ಸಾ ಮಾಡಿಕೊಂಡರೆ ಬಿಲಾವಲ್ಲಿಗೆ ಕರಿ ಮನೆ ಬೇಡವೇ ಬೇಡ, ಎಲ್ಲವೂ ಬಿಳಿಯೇ. ಚೆನ್ನಾಗಿಯೇ ಹೋಗುತ್ತಿತ್ತು. ಆಗ ಹಾಡುತ್ತಿದ್ದ ನನ್ನ ಗೆಳೆಯ, ‘ಶ್ರುತಿ ಭಾಳ ಕೆಳಗಾತು. ಬಿಳಿ ಎರಡಕ್ಕ ತೊಗೊ’ ಎಂದ.

ನಾನೇನು ಮಾಡಿದೆ ಗೊತ್ತೇ? ಎಲ್ಲಾ ಬೆರಳನ್ನೂ ಒಂದೊಂದು ಬಿಳಿ ಮನೆ ಬಲಕ್ಕೆ ಸರಿಸಿದೆ. ಸಾ ಬಿಳಿ ಎರಡಕ್ಕೆ ಬಂತು, ಸರಿ. ಆದರೆ ಗಾಂಧಾರ, ನಿಷಾದ ಎರಡೂ ಕುಸಿದುಬಿಟ್ಟವು. ಅವನು ಒಂದು ಹಾಡುತ್ತಾನೆ, ಪೇಟಿ ಇನ್ನೊಂದು ನುಡಿಯುತ್ತದೆ. ಸಂಭ್ರಮದ ಪದ ಸೂತಕದ ಮನೆಯ ಹಾಗೆ ಕೇಳತೊಡಗಿತು. ತಾಳ ಹಾಕುತ್ತಿದ್ದವರು ನಿಲ್ಲಿಸಿದರು. ಹಿಂದೆ ಕೂತಿದ್ದ ಹುಡುಗರು ನಕ್ಕರು, ಆಮೇಲೆ ಇಡೀ ಗುಡಿಯೇ ನಕ್ಕಿತು. ಯಾರೋ ‘ಏ ಬಿಳಿ ಎರಡು!’ ಎಂದು ಕೂಗಿದರು. ಹೆಸರು ಅಂಟಿತು. ನಾನು ಪೇಟಿ ಮುಚ್ಚಿ ಎದ್ದು ಬಂದೆ. ಆಮೇಲೆ ನೌಕರಿ, ವರ್ಗ, ಮದುವೆ, ಮಕ್ಕಳು. ಪೇಟಿ ಅಟ್ಟದ ಮೇಲೆ ಹೋಯಿತು.

ಕಥೆ ಮುಗಿದ ಮೇಲೆ ಮೊಮ್ಮಗಳು ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ. ಕೀಬೋರ್ಡಿನ ಮುಂದೆ ಕೂತು ಬಿಳಿ ಎರಡರಿಂದ ಮೇಲಿನ ಬಿಳಿ ಎರಡರವರೆಗೆ ಬರೀ ಬಿಳಿ ಮನೆ ಒತ್ತಿದಳು. ‘ತಾತ, ನೀವು ಬಾರಿಸಿದ್ದು ಇದೇ ತಾನೆ? ಇದು ತಪ್ಪಲ್ಲ. ಇದರ ಹೆಸರು ಡೋರಿಯನ್!’

ನಾನು ದಂಗಾದೆ. ಐವತ್ತು ವರ್ಷ ತಲೆ ತಗ್ಗಿಸಿ ನಡೆದ ತಪ್ಪಿಗೆ ಇಷ್ಟು ಚೆಂದದ ಹೆಸರಿತ್ತೇ?

ಬ್ಯಾಂಕಿನವನ ಬುದ್ಧಿ ನೋಡಿ, ಕಾಗದ ಪೆನ್ನು ತೆಗೆದುಕೊಂಡೆ. ಕರಿ ಬಿಳಿ ಎಲ್ಲ ಸೇರಿ ಒಂದು ಸ್ಥಾಯಿಯಲ್ಲಿ 12 ಮನೆ. ಬಿಳಿ ಒಂದರಿಂದ ಹೊರಟು ಬರೀ ಬಿಳಿಯ ಮೇಲೆ ನಡೆದರೆ ಹೆಜ್ಜೆಗಳು ಹೀಗೆ: 2, 2, 1, 2, 2, 2, 1. ನಡುವೆ ಕರಿ ಮನೆ ಇದ್ದರೆ ಎರಡು, ಇಲ್ಲದಿದ್ದರೆ ಒಂದು. ಕೂಡಿದರೆ 12. ಬಿಳಿ ಎರಡರಿಂದ ಹೊರಟರೆ 2, 1, 2, 2, 2, 1, 2. ಕೂಡಿದರೆ ಮತ್ತೆ 12. ಟ್ಯಾಲಿ ಆಯಿತು!

ಲೆಡ್ಜರಿನಲ್ಲಿಯೂ ಇದೇ ನಡೆಯುತ್ತದೆ. ನಮೂದುಗಳು ಅವೇ. ಆದರೆ ಯಾವ ಸಾಲಿನಿಂದ ಕೂಡುತ್ತಾ ಹೊರಟಿರಿ ಎನ್ನುವುದರ ಮೇಲೆ ನಡುವಿನ ಶಿಲ್ಕು ಬೇರೆಬೇರೆ ಬರುತ್ತದೆ. ಮೊದಲ ಲೆಕ್ಕದಲ್ಲಿ ಸಾ ದಿಂದ ಗಾಂಧಾರಕ್ಕೆ 4 ಮನೆ, ನಿಷಾದಕ್ಕೆ 11. ಎರಡನೆಯದರಲ್ಲಿ ಗಾಂಧಾರಕ್ಕೆ 3, ನಿಷಾದಕ್ಕೆ 10. ಉಳಿದವು ಬದಲಾಗಿಲ್ಲ. ಗಾಂಧಾರ, ನಿಷಾದ ಎರಡೂ ಕೋಮಲ ಆದರೆ ಅದು ಕಾಫಿ ಥಾಟ್. ಅಂದು ಗುಡಿಯಲ್ಲಿ ಗೆಳೆಯ ಬಿಲಾವಲ್ ಹಾಡುತ್ತಿದ್ದ, ನಾನು ಕಾಫಿ ಬಾರಿಸುತ್ತಿದ್ದೆ. ಬಿಳಿ ಎರಡರಿಂದ ಬಿಲಾವಲ್ಲೇ ಬೇಕೆಂದರೆ ಬಿಳಿ ನಾಲ್ಕನ್ನು ಬಿಟ್ಟು ಕರಿ ಮೂರನ್ನೂ, ಬಿಳಿ ಒಂದನ್ನು ಬಿಟ್ಟು ಕರಿ ಒಂದನ್ನೂ ಹಿಡಿಯಬೇಕಿತ್ತು. ಎರಡೇ ಎರಡು ಕರಿ ಮನೆ!

‘ಅದಕ್ಕೆ ಬಟನ್ ಇದೆ ತಾತ’ ಎಂದು ಮೊಮ್ಮಗಳು ಟ್ರಾನ್ಸ್‌ಪೋಸ್ ಎಂಬ ಗುಂಡಿ ತೋರಿಸಿದಳು. ಅದನ್ನು ಎರಡು ಸಲ ಒತ್ತಿ ಮೊದಲಿನ ಬಿಳಿ ಒಂದರಿಂದಲೇ ಬಾರಿಸಿದರೆ ದನಿ ಬಿಳಿ ಎರಡರದು ಬರುತ್ತದೆ. ಮಕ್ಕಳೇ, ಇಲ್ಲಿ ಸ್ವಲ್ಪ ಗಮನ ಕೊಡಿ. ಗುಂಡಿ ಒತ್ತಿದರೆ ಇಡೀ ಮನೆಯನ್ನೇ ಎತ್ತಿ ಮಾಳಿಗೆಯ ಮೇಲಿಟ್ಟ ಹಾಗೆ. ಒಳಗಿನ ಕೋಣೆಗಳು ಇದ್ದಂತೆಯೇ ಇರುತ್ತವೆ, ಬಿಲಾವಲ್ ಬಿಲಾವಲ್ಲಾಗಿಯೇ ಉಳಿಯುತ್ತದೆ. ಮೋಡ್ ಹಾಗಲ್ಲ. ಮನೆ ಕದಲುವುದಿಲ್ಲ, ನೀವು ಕೂತ ಕೋಣೆ ಬದಲಾಗುತ್ತದೆ. ಪಡಸಾಲೆಯಲ್ಲಿ ಕೂತರೆ ಅಡುಗೆಮನೆ ಹತ್ತು ಹೆಜ್ಜೆ, ನಡುಮನೆಯಲ್ಲಿ ಕೂತರೆ ನಾಲ್ಕೇ ಹೆಜ್ಜೆ. ಅಂದು ಗೆಳೆಯ ಕೇಳಿದ್ದು ಮನೆ ಎತ್ತಲು. ನಾನು ಕೋಣೆ ಬದಲಿಸಿದೆ.

‘ಲೆಕ್ಕ ಗೊತ್ತಾಯ್ತು ತಾತ. ಆದ್ರೆ ಕಿವಿಗೆ ಈಗಲೂ ಒಂದೇ ಥರ ಇದೆ’ ಎಂದಳು. ಹೌದು, ನನಗೂ ಹಾಗೇ ಕೇಳುತ್ತಿತ್ತು. ಬಿಳಿ ಎರಡರಿಂದ ಬಾರಿಸಿದರೂ ಕಿವಿ ಬಿಳಿ ಒಂದಕ್ಕೇ ಅಂಟಿಕೊಂಡಿತ್ತು.

ಅಷ್ಟರಲ್ಲಿ ಕರೆಂಟು ಹೋಯಿತು. ರಾಯಚೂರು ಜಿಲ್ಲೆಯ ಮೇ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಫ್ಯಾನೂ ನಿಂತಿತು, ಕೀಬೋರ್ಡೂ ನಿಂತಿತು. ಅವಳು ಸುಮ್ಮನೆ ಅಟ್ಟದ ಕಡೆ ನೋಡಿದಳು. ನನ್ನ ಹೆಂಡತಿ ಒಳಗಿನಿಂದಲೇ, ‘ನಿಚ್ಚಣಿಕೆ ಹಿತ್ತಲದಾಗ ಅದ’ ಎಂದಳು. ನಾನು ಬಾಯಿಬಿಟ್ಟು ಏನೂ ಕೇಳಿರಲಿಲ್ಲ.

ಪೇಟಿ ಇಳಿಸಿದೆವು. ಅರಿವೆ ಬಿಚ್ಚಿದರೆ ಧೂಳು, ಇಲಿ ಕಡಿದ ಗುರುತು. ತಿದಿಯ ಮೂಲೆಯಲ್ಲಿ ಸಣ್ಣ ತೂತು. ಹೆಂಡತಿ ಹಳೆಯ ಬಟ್ಟೆಯ ತುಂಡಿಗೆ ಅಂಟು ಸವರಿ ತೇಪೆ ಹಾಕಿದಳು. ಕರಿ ನಾಲ್ಕು ಒತ್ತಿದರೆ ಗೊರಗೊರ ಎನ್ನುತ್ತಿತ್ತು, ಉಳಿದವು ನುಡಿದವು. 1840ರ ದಶಕದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದಬೆನ್ ಎಂಬಾತ ಹಾರ್ಮೋನಿಯಂ ಮಾಡಿದಾಗ ಅದಕ್ಕೆ ಕಾಲಿನಿಂದ ಗಾಳಿ ಹಾಕಬೇಕಿತ್ತು. 1875ರಲ್ಲಿ ಕಲಕತ್ತೆಯ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು ಕೈಯಿಂದ ಗಾಳಿ ಹಾಕುವಂತೆ ಮಾಡಿದರು. ನಮಗೆ ಅನುಕೂಲವಾಯಿತು, ಆದರೆ ಒಂದು ಕೈ ತಿದಿಗೆ ಹೋಯಿತು. ಬಾರಿಸಲು ಉಳಿದದ್ದು ಒಂದೇ ಕೈ.

ನಾವು ಅದಕ್ಕೊಂದು ಉಪಾಯ ಮಾಡಿದೆವು. ನಾನು ಎದುರಿಗೆ ಕೂತು ತಿದಿ ಒತ್ತಿದೆ. ಅವಳಿಗೆ ಎರಡೂ ಕೈ ಬಿಡುವಾಯಿತು. ‘ಎಡಗೈಯಿಂದ ಕೆಳಗಿನ ಬಿಳಿ ಎರಡನ್ನು ಒತ್ತಿ ಹಿಡಿ, ಬಿಡಬ್ಯಾಡ. ತಂಬೂರಿ ಇದ್ದಂಗ ಅದು ನುಡಿತಿರಲಿ. ಅದೇ ಸಾ ಅಂತ ಮನಸಿನಾಗ ಕೂರಿಸ್ಕೊ. ಈಗ ಬಲಗೈಯಿಂದ ನಿಧಾನಕ್ಕ ಮ್ಯಾಲೆ ಹೋಗು.’

ಸಾ. ರಿ. ಗಾಂಧಾರಕ್ಕೆ ಬೆರಳು ಬಂದಾಗ ಅವಳ ಕೈ ನಿಂತಿತು. ಆ ಬಿಳಿ ನಾಲ್ಕನ್ನು ಅವಳು ಬೆಳಿಗ್ಗೆಯಿಂದ ನೂರು ಸಲ ಒತ್ತಿದ್ದಳು. ಈಗ ಅದು ಬೇರೆಯೇ ಮನೆಯಾಗಿತ್ತು. ‘ತಾತ!’ ಎಂದು ಕಣ್ಣರಳಿಸಿದಳು. ‘ಇದು ಬೇರೆ!’

‘ಹೂಂ, ಬೇರೆ’ ಎಂದೆ. ಆ ಸೆಕೆಯಲ್ಲೂ ಮೈ ಝುಂ ಎಂದಿತು.

ಗುಟ್ಟು ಅಷ್ಟೇ. ಸ್ವರ ಒಂಟಿಯಾಗಿ ಕೋಮಲವೂ ಅಲ್ಲ, ಶುದ್ಧವೂ ಅಲ್ಲ. ಸಾ ಎಲ್ಲಿದೆ ಎಂದು ಗೊತ್ತಾದ ಮೇಲೇ ಅದಕ್ಕೆ ಹೆಸರು ಬರುತ್ತದೆ. ಸಾ ನುಡಿಯುತ್ತಿರದಿದ್ದರೆ ಏಳು ಮೋಡ್ ಏಳೂ ಒಂದೇ ಏಣಿ. ಅವಳ ಕಿವಿಯಲ್ಲಿ ದೋಷವಿರಲಿಲ್ಲ, ಪಕ್ಕದಲ್ಲಿ ಸಾ ಇರಲಿಲ್ಲ.

ಅಂದು ಸಂಜೆಯವರೆಗೆ ಏಳೂ ಬಿಳಿ ಮನೆಗಳನ್ನು ಸಾ ಮಾಡಿ ನೋಡಿದೆವು. ಬರೀ ಬಿಳಿ ಮನೆಯ ಮೇಲೆ ಹೋದರೆ ಸಿಗುವುದು ಇದು:

ಬಿಳಿ ಒಂದು: ಬಿಲಾವಲ್. ಎಲ್ಲವೂ ಶುದ್ಧ. ಕರ್ನಾಟಕ ಸಂಗೀತದಲ್ಲಿ ಶಂಕರಾಭರಣ. ಅವಳ ಪಾಠದಲ್ಲಿ ಅಯೋನಿಯನ್.

ಬಿಳಿ ಎರಡು: ಕಾಫಿ. ಗ, ನಿ ಕೋಮಲ. ಖರಹರಪ್ರಿಯ. ಡೋರಿಯನ್.

ಬಿಳಿ ಮೂರು: ಭೈರವಿ. ರಿ, ಗ, ಧ, ನಿ ಕೋಮಲ. ಹನುಮತೋಡಿ. ಫ್ರಿಜಿಯನ್.

ಬಿಳಿ ನಾಲ್ಕು: ಕಲ್ಯಾಣ್. ಮಧ್ಯಮ ಮಾತ್ರ ತೀವ್ರ. ಮೇಚಕಲ್ಯಾಣಿ. ಲಿಡಿಯನ್.

ಬಿಳಿ ಐದು: ಖಮಾಜ್. ನಿ ಮಾತ್ರ ಕೋಮಲ. ಹರಿಕಾಂಭೋಜಿ. ಮಿಕ್ಸೊಲಿಡಿಯನ್.

ಬಿಳಿ ಆರು: ಅಸಾವರಿ. ಗ, ಧ, ನಿ ಕೋಮಲ. ನಠಭೈರವಿ. ಏಯೋಲಿಯನ್.

ಬಿಳಿ ಏಳು: ಇಲ್ಲಿ ಪಂಚಮವೇ ಸಿಗುವುದಿಲ್ಲ. ಸಾ ದಿಂದ ಪಂಚಮಕ್ಕೆ 7 ಮನೆ ಬೇಕು, ಇಲ್ಲಿ 6ಕ್ಕೇ ಬಿಳಿ ಮನೆ ಬಂದುಬಿಡುತ್ತದೆ. ಅದಕ್ಕೇ ನಮ್ಮ ಥಾಟುಗಳಲ್ಲೂ ಮೇಳಗಳಲ್ಲೂ ಇದಕ್ಕೆ ಜಾಗವಿಲ್ಲ. ಪಶ್ಚಿಮದವರು ಮಾತ್ರ ಲೋಕ್ರಿಯನ್ ಎಂದು ಹೆಸರಿಟ್ಟಿದ್ದಾರೆ.

ಪಂಡಿತ ಭಾತಖಂಡೆಯವರು ಹಿಂದೂಸ್ತಾನಿ ರಾಗಗಳನ್ನು 10 ಥಾಟುಗಳಲ್ಲಿ ವಿಂಗಡಿಸಿದರು. ಅವುಗಳಲ್ಲಿ ಆರು ನಿಮ್ಮ ಬಿಳಿ ಮನೆಗಳಲ್ಲೇ ಇವೆ. ಭೈರವ, ಪೂರ್ವಿ, ಮಾರವಾ, ತೋಡಿ ಈ ನಾಲ್ಕಕ್ಕೆ ಮಾತ್ರ ಕರಿ ಮನೆ ಬೇಕೇ ಬೇಕು. ಹೆಸರು ನೋಡಿ ಮೋಸ ಹೋಗಬೇಡಿ. ಕರ್ನಾಟಕ ಸಂಗೀತದ ತೋಡಿ ಬೇರೆ, ಹಿಂದೂಸ್ತಾನಿ ತೋಡಿ ಬೇರೆ.

‘ಇದನ್ನೆಲ್ಲ ಫಾರಿನ್‌ನವರು ಕಂಡುಹಿಡಿದ್ರಾ ತಾತ?’ ಎಂದಳು. ಭರತನ ನಾಟ್ಯಶಾಸ್ತ್ರದಲ್ಲೇ ಒಂದೊಂದು ಸ್ವರದಿಂದ ಹೊರಡುವ ಇಂಥ ಸಾಲುಗಳು 14 ಇವೆ, ಅವಕ್ಕೆ ಮೂರ್ಛನೆ ಎಂದು ಹೆಸರು ಎಂದೆ. ‘ಮೂರ್ಛೆ ಹೋಗೋದಾ?’ ಎಂದು ಅವಳು ಚಾಪೆಯ ಮೇಲೆ ದೊಪ್ಪನೆ ಬಿದ್ದು ತೋರಿಸಿದಳು. ಕರ್ನಾಟಕ ಸಂಗೀತದಲ್ಲಿ ಸಾ ಬದಲಿಸುವ ಈ ಕ್ರಮಕ್ಕೆ ಗ್ರಹಭೇದ ಎನ್ನುತ್ತಾರೆ. ದೊಡ್ಡ ಗಾಯಕರು ಕಛೇರಿಯ ನಡುವೆ ಒಂದು ಕ್ಷಣ ಇನ್ನೊಂದು ಸ್ವರವನ್ನು ಸಾ ಎಂದು ನಂಬಿಸಿ, ಬೇರೆ ರಾಗದ ಮುಖ ತೋರಿಸಿ, ಮತ್ತೆ ಜಾಗಕ್ಕೆ ಮರಳುತ್ತಾರೆ. ಅವರು ಬೇಕೆಂದೇ ಮಾಡಿದರೆ ಚಪ್ಪಾಳೆ. ನಾನು ಗೊತ್ತಿಲ್ಲದೆ ಮಾಡಿದ್ದಕ್ಕೆ ಅಡ್ಡಹೆಸರು!

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಸ್ವರಗಳ ಏಣಿ ಸಿಕ್ಕಿತೆಂದರೆ ರಾಗ ಸಿಕ್ಕಿತೆಂದಲ್ಲ. ಭೂಪ್, ದೇಶಕಾರ್ ಎರಡಕ್ಕೂ ಅವೇ ಐದು ಸ್ವರ. ಆದರೆ ಎಲ್ಲಿ ನಿಲ್ಲಬೇಕು, ಯಾವುದಕ್ಕೆ ಒತ್ತು ಕೊಡಬೇಕು ಎನ್ನುವುದು ಬೇರೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್, ಗಮಕಗಳು ಕೀಲಿಮನೆಯಲ್ಲಿ ಬರುವುದೂ ಇಲ್ಲ. ಇದೇ ಕಾರಣಕ್ಕೆ ಆಕಾಶವಾಣಿಯವರು 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿದ್ದರು. ಆದ್ದರಿಂದ ಕೀಬೋರ್ಡಿನಲ್ಲಿ ದಾರಿ ನೋಡಿಕೊಳ್ಳಿ, ಆದರೆ ಹಾಡನ್ನು ಹಾಡುವವರ ಬಾಯಿಂದಲೇ ಕಲಿಯಿರಿ.

ಪೇಟಿಯ ದನಿ ಎರಡು ಓಣಿ ದಾಟಿತ್ತು. ಶನಿವಾರ ಸಂಜೆ ಗೆಳೆಯ ಕೋಲೂರಿಕೊಂಡು ಬಾಗಿಲಿಗೆ ಬಂದ. ‘ಗುಡಿಯಾಗ ಪೇಟಿ ಬಾರ್ಸೋರು ಇಲ್ದ ವರ್ಷ ಆತು. ಬರೀ ತಾಳದ ಮ್ಯಾಲೆ ಹಾಡಾಕತ್ತೀವಿ. ಬರ್ತೀ ಏನು?’ ಎಂದ. ಐವತ್ತು ವರ್ಷದ ಮೇಲೆ ಅವನು ಕೇಳಿದ್ದು, ಅಡ್ಡಹೆಸರಿಲ್ಲದೆ. ನನಗೆ ಮಾತು ಹೊರಡಲಿಲ್ಲ. ಬೆರಳು ಈಗ ಮೊದಲಿನಂತಿಲ್ಲ, ಗಂಟುಗಳು ಬಿಗಿದಿವೆ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಮೊಮ್ಮಗಳು ಮುಂದೆ ಬಂದು ಕೇಳಿದಳು:

‘ಅಜ್ಜಾ, ನಿಮ್ಮ ಸಾ ಯಾವುದು?’

ಅವನು ಅವಳನ್ನೇ ನೋಡಿದ. ‘ಆವಾಗ ಬಿಳಿ ಎರಡಿತ್ತವ್ವ. ಈಗ ವಯಸ್ಸಾತು, ದನಿ ಇಳಿದದ. ಕೆಳಗಿನ ಕರಿ ಐದು ಹಿಡಿದರ ಸಾಕು.’

ಅವಳು ಬೆರಳಲ್ಲೇ ಎಣಿಸಿದಳು. ಕರಿ ಐದರಿಂದ ಎರಡು, ಎರಡು, ಒಂದು, ಎರಡು, ಎರಡು, ಎರಡು, ಒಂದು. ಎರಡು ಕರಿ ಮನೆ, ಐದು ಬಿಳಿ ಮನೆ. ಗೊರಗೊರ ಎನ್ನುವ ಕರಿ ನಾಲ್ಕು ದಾರಿಯಲ್ಲಿ ಬರುವುದೇ ಇಲ್ಲ!

ಅವತ್ತು ನನಗೆ ಹೊಳೆಯಿತು. ಆ ಹಳೆಯ ಶನಿವಾರ ನಾನು ಬೆರಳು ಸರಿಸಿದ್ದು ದೊಡ್ಡ ತಪ್ಪಲ್ಲ. ಶುರುಮಾಡುವ ಮೊದಲು ‘ನಿನ್ನ ಸಾ ಎಲ್ಲಿದೆ’ ಎಂದು ಹಾಡುವವನನ್ನು ಕೇಳಿರಲಿಲ್ಲ, ನಕ್ಕ ಮೇಲೂ ಕೂತು ಸರಿಮಾಡಿಕೊಳ್ಳಲಿಲ್ಲ. ತಪ್ಪು ಅದು.

ಗುಡಿಯಲ್ಲಿ ಅವಳು ಬಾರಿಸಿದಳು, ನಾನು ತಿದಿ ಒತ್ತಿದೆ. ಎರಡು ಕಡೆ ಅವಳ ಬೆರಳು ತಪ್ಪಿತು. ಯಾರೋ ಹುಡುಗ ಕಿಸಕ್ಕನೆ ನಕ್ಕ. ಅವಳು ನಾಲಿಗೆ ಕಚ್ಚಿಕೊಂಡು ಮುಂದಕ್ಕೆ ಹೋದಳು. ಪದ ಮುಗಿದ ಮೇಲೆ ಗೆಳೆಯ ನನ್ನ ಕಡೆ ತಿರುಗಿ, ‘ಏನಪಾ ಬಿಳಿ ಎರಡು, ಮುಂದಿನ ಶನಿವಾರ?’ ಎಂದ. ‘ಬರ್ತೀನಿ’ ಎಂದೆ. ರಜೆ ಮುಗಿಸಿ ಮೊಮ್ಮಗಳು ಬೆಂಗಳೂರಿಗೆ ಹೋಗಿ ಮೂರು ವಾರವಾಯಿತು. ಶನಿವಾರ ಈಗ ತಿದಿ ಒತ್ತುವವನೂ ನಾನೇ, ಬಾರಿಸುವವನೂ ನಾನೇ.

ಈ ವಾರದ ಮನೆಗೆಲಸ, ಮಕ್ಕಳೇ. ಬಿಳಿ ಮನೆ ಮುಟ್ಟದೆ ಐದು ಕರಿ ಮನೆ ಮಾತ್ರ ಹಿಡಿಯಿರಿ. ಕರಿ ಮೂರನ್ನು ಸಾ ಮಾಡಿದರೆ ಭೂಪ್, ಅಂದರೆ ಕರ್ನಾಟಕ ಸಂಗೀತದ ಮೋಹನದ ಸ್ವರಗಳು. ಕರಿ ಐದನ್ನು ಸಾ ಮಾಡಿದರೆ ಮಾಲಕಂಸ, ಅಂದರೆ ಹಿಂದೋಳದ ಸ್ವರಗಳು. ಕರಿ ಒಂದನ್ನು ಸಾ ಮಾಡಿದರೆ ದುರ್ಗಾ, ಅಂದರೆ ಶುದ್ಧಸಾವೇರಿ. ಉಳಿದ ಎರಡನ್ನು ನೀವೇ ಹುಡುಕಿ. ಕೀಬೋರ್ಡಿನಲ್ಲಿ ಪಿಯಾನೋ ದನಿ ಬೇಡ, ಅದು ಬೇಗ ಆರಿಹೋಗುತ್ತದೆ. ಆರ್ಗನ್ ದನಿ ಇಟ್ಟುಕೊಂಡು ಎಡಗೈಯಲ್ಲಿ ಸಾ ಒತ್ತಿ ಹಿಡಿಯಿರಿ. ಮನೆಯಲ್ಲಿ ಪೇಟಿ ಇದ್ದರೆ ಇನ್ನೂ ಒಳ್ಳೆಯದು. ತಿದಿ ಒತ್ತಲು ತಾತನನ್ನೋ ಅಜ್ಜಿಯನ್ನೋ ಕರೆಯಿರಿ. ಅವರು ‘ನನಗೆಲ್ಲಿ ಬರ್ತದ, ಹೋಗು’ ಎನ್ನುತ್ತಾರೆ. ಬಿಡಬೇಡಿ.